ಗೊಂಬೆ ಮೆಟ್ಟಿಲ ಮೇಲೆ ಬೇಸ್‌ಬಾಲ್ ಆಟಗಾರರು

ಜರ್ಮನಿಯಲ್ಲಿ ನಮ್ಮ ಮೊದಲ ದಸರೆಗೆ ನಾವು ಕೂರಿಸಿದ್ದು ಗೊಂಬೆಗಳನ್ನಲ್ಲ, ಅಮೆರಿಕದ ಬೇಸ್‌ಬಾಲ್ ಆಟಗಾರರನ್ನು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಪಶ್ಚಾತ್ತಾಪದಿಂದಲೂ ಅಲ್ಲ. ನಡೆದದ್ದು ಹಾಗೆ, ಅಷ್ಟೆ.

ಅರವತ್ತರ ದಶಕದ ನಡುಭಾಗ. ನಾನು ಬೊಬ್ಲಿಂಗೆನ್‌ನಲ್ಲಿ ಆಸ್ಪತ್ರೆಯೊಂದರ ಕಿರಿಯ ವೈದ್ಯ. ಊರಾಚೆಯ ಕಾಡಿನ ಅಂಚಿನಲ್ಲಿ ಅಮೆರಿಕನ್ ಸೈನಿಕರ ಬ್ಯಾರಕ್ಕುಗಳಿದ್ದವು. ನಮ್ಮದು ಮೂರು ಅಂತಸ್ತಿನ ಮನೆ: ಕೆಳಗೆ ಮನೆಯ ಒಡತಿ, ನಡುವೆ ನಾವು ಗಂಡ ಹೆಂಡತಿ, ಸೂರಿನ ಕೆಳಗಿನ ಇಳಿಜಾರು ಕೋಣೆಯಲ್ಲಿ ಟ್ಯಾಂಕ್ ರಿಪೇರಿ ಮಾಡುವ ಒಬ್ಬ ಅಮೆರಿಕನ್ ಸಾರ್ಜೆಂಟ್. ಅವನಿಗೆ ನೆಟ್ಟಗೆ ನಿಲ್ಲಲು ಆಗುತ್ತಿದ್ದುದು ಆ ಕೋಣೆಯ ಮಧ್ಯದಲ್ಲಿ ಮಾತ್ರ.

ಒಡತಿಯ ಗಂಡ ಯುದ್ಧದಲ್ಲಿ ರಷ್ಯಾ ಕಡೆಗೆ ಹೋದವರು ನಾಪತ್ತೆಯಾಗಿದ್ದರು. ಸತ್ತರೆಂಬ ಸುದ್ದಿ ಬರಲಿಲ್ಲ, ಬದುಕಿದ್ದಾರೆಂಬ ಸುದ್ದಿಯೂ ಬರಲಿಲ್ಲ. ಇಪ್ಪತ್ತು ವರ್ಷ ದಾಟಿತ್ತು. ಪ್ರತಿ ಭಾನುವಾರ ರೈಲ್ವೆಯಿಂದ ನಿವೃತ್ತರಾದ ಹಿರಿಯರೊಬ್ಬರು ಬಂದು ಹಿತ್ತಲಿನ ಸೇಬಿನ ಮರಗಳನ್ನು ನೋಡಿಕೊಂಡು, ಆಕೆಯ ಅಡುಗೆಮನೆಯಲ್ಲಿ ಕಾಫಿ ಕುಡಿದು ಹೋಗುತ್ತಿದ್ದರು. ಅವರು ಮದುವೆಯ ಮಾತೆತ್ತಿ ಎರಡು ವರ್ಷವಾಗಿತ್ತಂತೆ. ಆಕೆಗೂ ಮನಸ್ಸಿತ್ತು. ಅಡ್ಡ ನಿಂತದ್ದು ಒಂದು ಹಾಳೆ: ಗಂಡ ಸತ್ತನೆಂದು ಘೋಷಿಸಿ ಎಂದು ನ್ಯಾಯಾಲಯಕ್ಕೆ ಕೊಡಬೇಕಾದ ಅರ್ಜಿ. ತುಂಬಿಸದ ಆ ಅರ್ಜಿ ಸಕ್ಕರೆ ಡಬ್ಬಿಯ ಕೆಳಗೆ ಇರುತ್ತಿತ್ತು. "ಈ ಚಳಿಗಾಲ ಬರುವುದರೊಳಗೆ ಬರೆದುಬಿಡುತ್ತೇನೆ, ಹೆರ್ ಡಾಕ್ಟರ್" ಎಂದು ಆಕೆ ನನಗೆ ಹೇಳಿದ್ದರು. ಈ ಸಲದ ಚಳಿಗಾಲ ಎನ್ನುವುದು ಆಕೆಯ ದನಿಯಲ್ಲಿ ಸ್ಪಷ್ಟವಿತ್ತು.

ಇಷ್ಟೆಲ್ಲ ನನಗೆ ಗೊತ್ತಿತ್ತು. ನನ್ನ ಹೆಂಡತಿಗೆ ಗೊತ್ತಿರಲಿಲ್ಲ. ಅವಳು ಮೈಸೂರಿನಿಂದ ಬಂದು ಎಂಟು ತಿಂಗಳಾಗಿತ್ತು. ಅವಳಿಗೆ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಮದುವೆಯಾದ ಗಂಡಸು ಹೇಳದೆ ಬಿಟ್ಟ ಮಾತುಗಳ ಪಟ್ಟಿಯನ್ನು ಯಾರಾದರೂ ತಯಾರಿಸಿದರೆ ಈ ಮಾತನ್ನು ಮೊದಲ ಸಾಲಿನಲ್ಲೇ ಬರೆಯಬೇಕಾಗುತ್ತದೆ.

ಹಡಗಿನಲ್ಲಿ ಬಂದ ಅವಳ ಟ್ರಂಕಿನಲ್ಲಿ ಪಟ್ಟದ ಗೊಂಬೆಗಳಿದ್ದವು. ತವರಿನವರು ಮದುವೆಯಲ್ಲಿ ಕೊಟ್ಟ ಮರದ ರಾಜ, ಮರದ ರಾಣಿ. ನವರಾತ್ರಿ ಹತ್ತಿರ ಬಂದಾಗ ಅವಳು ಪುಸ್ತಕದ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಜೋಡಿಸಿ, ಬಿಳಿ ಹಾಸುಬಟ್ಟೆ ಹೊದಿಸಿ, ಮೂರು ಮೆಟ್ಟಿಲು ಮಾಡಿದಳು. ಮೇಲಿನ ಮೆಟ್ಟಿಲಿಗೆ ರಾಜ ರಾಣಿ ಆಯಿತು. ಕೆಳಗಿನ ಎರಡು ಖಾಲಿ.

"ರೀ, ರಾಜ ರಾಣಿ ಇದ್ದಮೇಲೆ ಪ್ರಜೆಗಳು ಬೇಡವಾ?" ಎಂದಳು.

"ಇಲ್ಲಿ ಪ್ರಜಾಪ್ರಭುತ್ವ ಕಣೇ."

"ಹಾಗಾದ್ರೆ ಪ್ರಜೆಗಳು ಇನ್ನೂ ಜಾಸ್ತಿ ಬೇಕು."

ಮಹಡಿ ಮೆಟ್ಟಿಲಲ್ಲಿ ಸಿಕ್ಕ ಸಾರ್ಜೆಂಟ್‌ಗೆ ಈ ಕೊರತೆಯನ್ನು ಹೇಳಿದೆ. ಅವನು ಮೇಲೆ ಹೋಗಿ ಒಂದು ಸಿಗಾರ್ ಡಬ್ಬಿ ತಂದ. ಒಳಗೆ ನೂರಕ್ಕೂ ಹೆಚ್ಚು ಬಣ್ಣದ ಕಾರ್ಡುಗಳು. ಅವನ ಅಜ್ಜನ ಕಾಲದಲ್ಲಿ ಸಿಗರೇಟು ಪ್ಯಾಕಿನೊಳಗೆ ಬರುತ್ತಿದ್ದವು, ಅಪ್ಪನ ಕಾಲದಲ್ಲಿ ಚೂಯಿಂಗ್ ಗಮ್ಮಿನ ಜೊತೆ. ಪ್ರತಿಯೊಂದರಲ್ಲೂ ಒಬ್ಬ ಬೇಸ್‌ಬಾಲ್ ಆಟಗಾರ. ಹಳೆಯವಂತೂ ಅಂಗೈಯಲ್ಲಿ ಅಡಗುವಷ್ಟು ಚಿಕ್ಕವು. ಹಿಂದೆ ಕಿತ್ತಳೆ ಬಣ್ಣದ ಆಕಾಶ, ಮುಂದೆ ಕೆನ್ನೆಗೆ ಗುಲಾಬಿ ಬಳಿದ ಗಂಡಸು. ಯಾರೂ ನಮ್ಮನ್ನು ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ನಮ್ಮ ಕಿವಿಯ ಪಕ್ಕದಿಂದ ಹಾದು, ನಮ್ಮ ಹಿಂದೆ ಬಂದು ನಿಂತ ಯಾರನ್ನೋ ನೋಡುತ್ತಿದ್ದವು. ನಾನು ಎರಡು ಸಲ ತಿರುಗಿ ನೋಡಿದೆ. ಕೋಟು ನೇತುಹಾಕುವ ಗೂಟ ಮಾತ್ರ ಇತ್ತು.

"ಬೇಕಾದ್ದು ಆರಿಸ್ಕೊ, ಡಾಕ್. ಡಬ್ಬಿಯಲ್ಲಿ ಕೂತು ಕೂತು ಅವರಿಗೂ ಬೇಜಾರಾಗಿದೆ" ಎಂದ ಸಾರ್ಜೆಂಟ್.

ಜಾಗ ಇದ್ದದ್ದು ಹನ್ನೆರಡು ಜನಕ್ಕೆ. ನಾನು ಆಯ್ಕೆ ಸಮಿತಿಯ ಅಧ್ಯಕ್ಷನಾದೆ. ಕ್ರಿಕೆಟ್ಟು ಬಲ್ಲವನು, ಬೇಸ್‌ಬಾಲಿನ ತಲೆಬುಡ ಅರಿಯದವನು. ಆದ್ದರಿಂದಲೇ ನಿಷ್ಪಕ್ಷಪಾತಿ. ಮೀಸೆಯವರನ್ನು ಮೊದಲು ಆರಿಸಿದೆ. ಹೆಂಡತಿ ಅದನ್ನು ರದ್ದುಪಡಿಸಿ ತನ್ನ ನಿಯಮ ತಂದಳು.

"ಎಡಗೈಲಿ ಎಸೆಯೋನು ಬೇಡ. ದೇವರ ಕೆಲಸ."

"ಅಮ್ಮಾ, ನನ್ನ ಅಜ್ಜ ನೋಡಿದವರಲ್ಲೇ ಅವನಷ್ಟು ಚೆನ್ನಾಗಿ ಎಡಗೈಲಿ ಎಸೆಯೋನು ಇನ್ನೊಬ್ಬನಿಲ್ಲ!" ಎಂದು ಸಾರ್ಜೆಂಟ್ ಕೈ ಮುಗಿಯುವುದೊಂದು ಬಾಕಿ.

"ಇರಲಿ ಪಾಪ. ಹೊರಗಡೆ ಎಸೆಯಲಿ."

ಆಮೇಲೆ ಅವಳು ಒಂದು ಕಾರ್ಡನ್ನು ಮೂಸಿ ನೋಡಿದಳು. ಐವತ್ತು ವರ್ಷದ ಹಿಂದಿನ ತಂಬಾಕಿನ ವಾಸನೆ ಇನ್ನೂ ಬರುತ್ತಿತ್ತು, ಯಾರೋ ಆಗಷ್ಟೇ ಸೇದಿ ಎದ್ದುಹೋದ ಹಾಗೆ. ಅವಳ ಮುಖ ಗಂಭೀರವಾಯಿತು.

"ಇವರೆಲ್ಲ ಬದುಕಿದಾರಾ?"

"ಅದಕ್ಕೇನೀಗ?"

"ಅದಕ್ಕೇನೀಗ ಅಂದ್ರೆ? ಗೊಂಬೆಗೆ ಹುಟ್ಟಿಲ್ಲ, ಸಾವಿಲ್ಲ. ಇವರಿಗೆ ಎರಡೂ ಇದೆ. ಸತ್ತೋರ ಚಿತ್ರಕ್ಕೆ ಅರಿಶಿನ ಕುಂಕುಮ ಇಟ್ಟು ಆರತಿ ಎತ್ತೋದಾ?"

ಉತ್ತರ ಸಾರ್ಜೆಂಟ್‌ನಲ್ಲಿತ್ತು. ಅವನು ನೆಲದ ಮೇಲೆ ಕೂತು ಕಾರ್ಡುಗಳನ್ನು ಇಸ್ಪೀಟಿನಂತೆ ಎರಡು ರಾಶಿಯಾಗಿ ಹಂಚತೊಡಗಿದ. "ಡೆಡ್. ಡೆಡ್. ಇವನು ಫ್ಲೂನಲ್ಲಿ ಹೋದ. ಇವನು ರೈಲಿನಿಂದ ಬಿದ್ದ. ಇವನು ಇದ್ದಾನೆ, ಒಹಾಯೊದಲ್ಲಿ ಮೊಳೆ ಸುತ್ತಿಗೆ ಅಂಗಡಿ. ಡೆಡ್. ಡೆಡ್. ಇವನ ವಿಷಯ ಮಾತಾಡೋದು ಬೇಡ." ಸತ್ತವರ ರಾಶಿ ಬೆಳೆಯುತ್ತ ಹೋಯಿತು. ಬದುಕಿರುವವರು ಸರಿಯಾಗಿ ಹದಿನೈದು. ಅವರಲ್ಲಿ ಎಡಗೈಯವರಾದ ಮೂವರನ್ನು ತೆಗೆದರೆ ಹನ್ನೆರಡು. ನನ್ನ ಸಮಿತಿಗೆ ಮಾಡಲು ಕೆಲಸವೇ ಉಳಿಯಲಿಲ್ಲ. ಆಯ್ಕೆಯನ್ನು ಮೃತ್ಯುವೇ ಮಾಡಿ ಮುಗಿಸಿತ್ತು. ನಾನು ಅನುಮೋದಿಸಿದೆ.

ಉಳಿದವರನ್ನು ಬಿಸ್ಕತ್ತಿನ ಡಬ್ಬಿಗೆ ತುಂಬಿದೆವು. ಅಷ್ಟು ಜನ ಒಳಗೆ ಬೇಡವೆಂದು ಹೆಂಡತಿ ಡಬ್ಬಿಯನ್ನು ಬಾಲ್ಕನಿಯಲ್ಲಿಟ್ಟಳು. ಒಡತಿಯ ಬಳಿ ವೈನ್ ಬಾಟಲಿಯ ಬಿರಡೆಗಳನ್ನು ಇಸಿದುಕೊಂಡು, ಚಾಕುವಿನಿಂದ ಸೀಳಿ, ಒಂದೊಂದರಲ್ಲಿ ಒಬ್ಬೊಬ್ಬನನ್ನು ನಿಲ್ಲಿಸಿದೆ. ಪ್ರತಿಯೊಬ್ಬನ ಕಾರ್ಡಿನ ಮೂಲೆಗೂ ಅರಿಶಿನ, ಕುಂಕುಮ. ರಾಜನನ್ನು ಓಡಿಸಿ ದೇಶ ಕಟ್ಟಿದವರ ಮಕ್ಕಳು ಹೀಗೆ ಮೈಸೂರಿನ ಮರದ ರಾಜನ ಮುಂದೆ ಸಾಲಾಗಿ ನಿಂತರು.

ಮರುದಿನ ಬೆಳಿಗ್ಗೆ ಒಬ್ಬ ಮಕಾಡೆ ಬಿದ್ದಿದ್ದ. ಚೆಂಡೆಸೆಯುವವನು, ದಪ್ಪ ಹುಬ್ಬಿನವನು. ಎತ್ತಿ ನಿಲ್ಲಿಸಿದೆ. ಎರಡನೆಯ ಬೆಳಿಗ್ಗೆ ಮತ್ತೆ ಅವನೇ. ಬಿರಡೆ ಬದಲಾಯಿಸಿದೆ. ಮೂರನೆಯ ಬೆಳಿಗ್ಗೆ ಬಿರಡೆ ನೆಟ್ಟಗೆ ನಿಂತಿತ್ತು, ಅವನು ಮಾತ್ರ ಬಟ್ಟೆಯ ಮೇಲೆ ಮುಖವಿಟ್ಟು ಮಲಗಿದ್ದ. ಕಿಟಕಿಯ ಕೆಳಗಿನ ಹೀಟರಿನಿಂದ ಬಿಸಿಗಾಳಿ ಏಳುತ್ತದೆ ಎಂದು ನಾನು ವಿವರಿಸಿದೆ. "ಅವನೊಬ್ಬನಿಗೇ ಏಳುತ್ತಾ?" ಎಂದಳು ಹೆಂಡತಿ.

ಅಂದು ಸಂಜೆ ಸಾರ್ಜೆಂಟ್ ಬಾಗಿಲು ತಟ್ಟಿದ. ಕೈಯಲ್ಲಿ ಅಪ್ಪನ ಕಾಗದ. "ಸಾರಿ ಡಾಕ್, ಲೆಕ್ಕ ತಪ್ಪಿದೆ. ಆ ದಪ್ಪ ಹುಬ್ಬಿನವನು ಈ ವಸಂತದಲ್ಲೇ ಹೋಗಿಬಿಟ್ಟನಂತೆ."

ವಿಜ್ಞಾನ ಓದಿದವನಾಗಿ ಇದು ಕಾಕತಾಳೀಯ ಎಂದು ಹೇಳಿದೆ. ಹೇಳುತ್ತಲೇ ಆ ಕಾರ್ಡನ್ನು ತುದಿಬೆರಳಲ್ಲಿ ಹಿಡಿದು ಬಾಲ್ಕನಿಯ ಡಬ್ಬಿಗೆ ಹಾಕಿ ಬಂದೆ. ಕೈ ತೊಳೆದುಕೊಂಡದ್ದು ವೈದ್ಯರ ಅಭ್ಯಾಸ.

ನಾಲ್ಕನೆಯ ದಿನ ನಾನು ಆಸ್ಪತ್ರೆಯಲ್ಲಿದ್ದಾಗ ಹೆಂಡತಿ ಒಡತಿಯನ್ನು ಅರಿಶಿನ ಕುಂಕುಮಕ್ಕೆ ಕರೆದಿದ್ದಳು. ಮನೆಗೆ ಬಂದ ತಕ್ಷಣ ಸಂಭ್ರಮದಿಂದ ಹೇಳಿದಳು: "ಹಣೆಗೆ ಇಟ್ಟೆ. ಏನಿದು ಅಂತ ಕೇಳಿದ್ರು. ನನ್ನ ಜರ್ಮನ್‌ನಲ್ಲೇ ಹೇಳಿದೆ, ಗಂಡ ಬದುಕಿದಾರೆ, ಅದಕ್ಕೇ ಕೆಂಪು ಅಂತ. ಪಾಪ, ಅವರ ಕಣ್ಣಲ್ಲಿ ನೀರೇ ಬಂತು."

ನಾನು ಕೋಟು ಬಿಚ್ಚುವುದನ್ನು ಅರ್ಧಕ್ಕೆ ನಿಲ್ಲಿಸಿದೆ.

"ಅವರ ಗಂಡ ಎಲ್ಲಿದಾರೆ ಅಂದ್ಕೊಂಡಿದೀಯ?"

"ಕೆಳಗೆ. ಮತ್ತೆಲ್ಲಿ? ಬಾಗಿಲ ಹತ್ರ ಅವರ ಚಪ್ಪಲಿ ಇರುತ್ತೆ. ಗೂಟದಲ್ಲಿ ಟೋಪಿ. ಊಟಕ್ಕೆ ಎರಡು ತಟ್ಟೆ. ಹೊರಗೆ ಬರಲ್ಲ, ಏನೋ ಕಾಯಿಲೆ ಇರ್ಬೇಕು ಅಂದ್ಕೊಂಡೆ. ಬೆಳಿಗ್ಗೆ ಏಳು ಗಂಟೆಗೆ ಕೆಮ್ಮುತಾರಲ್ಲ?"

"ಯಾರು ಕೆಮ್ಮೋದು?"

"ಅವರೇ ಕಣ್ರೀ. ಗಂಡಸಿನ ಕೆಮ್ಮು. ದಿನಾ ಕೇಳುತ್ತೆ."

ಸಾರ್ಜೆಂಟ್ ಐದೂವರೆಗೇ ಬ್ಯಾರಕ್ಕಿಗೆ ಹೊರಟುಬಿಡುತ್ತಿದ್ದ. ನಾನು ಆರೂವರೆಗೆ. ಆದ್ದರಿಂದ ಏಳು ಗಂಟೆಯ ಕೆಮ್ಮಿನ ಬಗ್ಗೆ ಸಾಕ್ಷಿ ಹೇಳಲು ನನಗೆ ಅರ್ಹತೆಯಿಲ್ಲ. ಹೆಂಡತಿಯನ್ನು ಕೂರಿಸಿ ರಷ್ಯಾದ ಕಥೆ ಹೇಳಿದೆ, ರೈಲ್ವೆಯವರ ಕಥೆ ಹೇಳಿದೆ, ಸಕ್ಕರೆ ಡಬ್ಬಿಯ ಕೆಳಗಿನ ಅರ್ಜಿಯ ಕಥೆ ಹೇಳಿದೆ.

"ಈ ಎಂಟು ತಿಂಗಳು ನೀವು ನನ್ನ ಹತ್ರ ಏನು ಮಾತಾಡ್ತಿದ್ರಿ?" ಎಂದಳು.

ಮರುದಿನ ಸಂಜೆ ಒಡತಿ ಮೇಲೆ ಬಂದರು. ಹಣೆಯ ಕುಂಕುಮವನ್ನು ತೊಳೆದಿರಲಿಲ್ಲ. ಒಂದು ದಿನದಲ್ಲಿ ಹತ್ತು ವರ್ಷ ಕಡಿಮೆಯಾದವರಂತೆ ಬೆನ್ನು ನೆಟ್ಟಗಿತ್ತು. ಮಡಿಸಿದ ಕರವಸ್ತ್ರದೊಳಗಿಂದ ಒಂದು ಭಾವಚಿತ್ರ ತೆಗೆದರು. ಸರಿಯಾಗಿ ನಮ್ಮ ಕಾರ್ಡುಗಳ ಅಳತೆಗೆ ಕತ್ತರಿಸಿದ್ದರು. ಸಮವಸ್ತ್ರದ ಯುವಕ, ಟೋಪಿ ಸ್ವಲ್ಪ ಓರೆ. ಅವನ ಎಡಭುಜದ ಮೇಲೆ ನಾಲ್ಕು ಬೆರಳು. ಬೆರಳಿನಾಚೆ ಕತ್ತರಿಯ ಗೆರೆ. ಪಕ್ಕದಲ್ಲಿದ್ದ ತನ್ನನ್ನು ಆಕೆ ಕತ್ತರಿಸಿ ತೆಗೆದಿದ್ದರು, ಕೈಯೊಂದು ಉಳಿದುಕೊಂಡಿತ್ತು.

"ಇಲ್ಲಿ ಬದುಕಿರುವವರು ಮಾತ್ರ ನಿಲ್ಲುತ್ತಾರಂತೆ. ಸಾರ್ಜೆಂಟ್ ಹೇಳಿದರು. ಒಂದು ಜಾಗ ಖಾಲಿ ಇದೆಯಲ್ಲ, ಹೆರ್ ಡಾಕ್ಟರ್?"

ಖಾಲಿ ಇತ್ತು. ಹನ್ನೆರಡರಲ್ಲಿ ಹನ್ನೊಂದೇ ಉಳಿದಿದ್ದವು. ನಾನು ಹೆಂಡತಿಯ ಮುಖ ನೋಡಿದೆ, ಅವಳು ನನ್ನದು. ಇಟ್ಟರೆ ಗಂಡ ಬದುಕಿದ್ದಾರೆ ಎಂದು ನಾವು ಸಾರಿದಂತೆ. ಇಡದಿದ್ದರೆ ಆ ಹೊತ್ತಿಗೆ, ಆ ಕೋಣೆಯಲ್ಲಿ, ನಾವೇ ಅವರನ್ನು ಕೊಂದಂತೆ. ನನ್ನ ಕೈ ಬಿರಡೆಯೊಂದನ್ನು ತಾನಾಗಿ ಸೀಳಿತು.

ಆಕೆ ಇಳಿದು ಹೋದಮೇಲೆ ನಾನು ಸ್ವಲ್ಪ ಪಾಂಡಿತ್ಯ ತೋರಿಸಿದೆ. "ನಮ್ಮ ಶಾಸ್ತ್ರದಲ್ಲಿ ಹನ್ನೆರಡು ವರ್ಷ ಸುದ್ದಿ ಇಲ್ಲದಿದ್ರೆ..."

"ನಿಮ್ಮ ಶಾಸ್ತ್ರನ ಕೆಳಗೆ ಹೋಗಿ ಅವರಿಗೆ ಹೇಳಿ" ಎಂದಳು ಹೆಂಡತಿ. ನಾನು ಹೋಗಲಿಲ್ಲ.

ಏಳನೆಯ ದಿನ ಭಾನುವಾರ. ರೈಲ್ವೆಯವರು ಎಂದಿನ ಹೊತ್ತಿಗೆ ಬಂದು ಗಂಟೆ ಒತ್ತಿದರು. ಒಡತಿ ಬಾಗಿಲು ತೆಗೆಯಲಿಲ್ಲ. ಅವರು ಹಿತ್ತಲಿಗೆ ಹೋಗಿ ಸೇಬಿನ ಮರದ ಕೆಳಗೆ ಟೋಪಿ ಕೈಯಲ್ಲಿ ಹಿಡಿದು ನಿಂತರು. ಬಟ್ಟೆ ಒಣಗಿಸುವ ತಂತಿಯ ಮೇಲೆ ಒಂದು ಗಂಡಸಿನ ಓವರ್‌ಕೋಟು ಬಿಸಿಲಿಗೆ ತೂಗುತ್ತಿತ್ತು. ಗಾಳಿ ಬಂದಾಗ ತೋಳುಗಳು ಎದ್ದು ಇಳಿಯುತ್ತಿದ್ದವು. ಇಬ್ಬರು ಗಂಡಸರು ಎದುರುಬದುರು ನಿಂತು ಏನೋ ತೀರ್ಮಾನಕ್ಕೆ ಬರಲಾಗದೆ ಇದ್ದಾರೆ ಎಂದು ಮೇಲಿನ ಕಿಟಕಿಯಿಂದ ಕಂಡಿತು. ಕೊನೆಗೆ ಟೋಪಿ ಇದ್ದವರು ಹೊರಟುಹೋದರು.

ಸಂಜೆ ಬಿರಡೆ ಸೀಳಲು ತಂದಿದ್ದ ಚಾಕುವನ್ನು ವಾಪಸು ಕೊಡುವ ನೆಪದಲ್ಲಿ ಕೆಳಗೆ ಹೋದೆ. ಸಕ್ಕರೆ ಡಬ್ಬಿಯ ಕೆಳಗೆ ಅರ್ಜಿ ಇರಲಿಲ್ಲ. "ಒಲೆಗೆ ಹಾಕಿದೆ" ಎಂದರು ಆಕೆ, ನಾನು ಕೇಳುವ ಮೊದಲೇ. "ಭಾನುವಾರದವರಿಗೆ ಇನ್ನು ಬರಬೇಡಿ ಎಂದು ಕಾಗದ ಬರೆಯುತ್ತೇನೆ. ನಿಮ್ಮ ಹೆಂಡತಿಗೆ ಗೊತ್ತಾದದ್ದು ನನಗೇ ಗೊತ್ತಾಗಲಿಲ್ಲ ನೋಡಿ. ಚಳಿಗಾಲಕ್ಕೆ ಅವರ ಕೋಟು ಸಾಲುತ್ತದೋ ಇಲ್ಲವೋ." ಮೇಜಿನ ಮೇಲೆ ಎರಡು ತಟ್ಟೆಗಳಿದ್ದವು. ಎರಡರಲ್ಲೂ ಊಟ ಮಾಡಿದ ಗುರುತಿತ್ತು. ನಾನು ಎರಡನೆಯದನ್ನು ಹೆಚ್ಚು ಹೊತ್ತು ನೋಡಲಿಲ್ಲ.

ಮೇಲೆ ಬಂದು ಹೇಳಿದಾಗ ಹೆಂಡತಿ ಅತ್ತಳು. "ನಾನು ಇಟ್ಟ ಒಂದು ಬೊಟ್ಟಿಗೆ ಆ ಯಮ್ಮ ಸಾಯೋವರೆಗೂ ಆ ಕೋಟು ಒಗೀತಾ ಕೂರಬೇಕಾ? ಬಾಯಿಬಿಟ್ಟು ಹೇಗ್ರೀ ಹೇಳೋದು, ತಪ್ಪಾಯ್ತು, ನಿಮ್ಮ ಗಂಡ ಇಲ್ಲ ಅಂತ?"

ಹೇಳಲು ನಮ್ಮಿಬ್ಬರಿಗೂ ಧೈರ್ಯವಿರಲಿಲ್ಲ. ಆದ್ದರಿಂದ ಆ ಕೆಲಸವನ್ನು ನಾವು ಆ ಚಿತ್ರಕ್ಕೇ ವಹಿಸಿದೆವು. ದಪ್ಪ ಹುಬ್ಬಿನವನು ಬಿದ್ದ ಹಾಗೆ ಇವರೂ ಬಿದ್ದರೆ ಒಡತಿ ತಾವೇ ಅರ್ಥ ಮಾಡಿಕೊಂಡಾರು. ಇಬ್ಬರು ವಿದ್ಯಾವಂತರು, ಅದರಲ್ಲೊಬ್ಬ ಎಂ.ಬಿ.ಬಿ.ಎಸ್., ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲು ಹೋಗಿ ಒಬ್ಬ ಸೈನಿಕ ಬಿದ್ದನೇ ಎಂದು ನೋಡುತ್ತಿದ್ದೆವು. ಅವರು ಬೀಳಲಿಲ್ಲ. ಎಂಟನೆಯ ದಿನ ಹೀಟರನ್ನು ಪೂರ್ತಿ ತಿರುಗಿಸಿದೆ. ಒಹಾಯೊದ ಮೊಳೆ ಅಂಗಡಿಯವನು ಬಿದ್ದ. ಒಂಬತ್ತನೆಯ ಬೆಳಿಗ್ಗೆ ಎರಡು ಕಿಟಕಿಗಳನ್ನೂ ಎದುರುಬದುರು ತೆರೆದೆ. ಕಾಡಿನ ಕಡೆಯಿಂದ ಅಕ್ಟೋಬರಿನ ಗಾಳಿ ನುಗ್ಗಿತು. ಹನ್ನೊಂದು ಅಮೆರಿಕನ್ನರು ಒಬ್ಬರ ಮೇಲೊಬ್ಬರು ಉರುಳಿದರು. ರಾಣಿ ವಾಲಿದಳು. ರಾಜನ ಕಿರೀಟದ ಕಾಗದದ ತುರಾಯಿ ಹಾರಿಹೋಯಿತು. ಆ ಸೈನಿಕ ಮಾತ್ರ ನಿಂತೇ ಇದ್ದರು. ಭುಜದ ಮೇಲಿನ ನಾಲ್ಕು ಬೆರಳು ಅವರನ್ನು ಹಿಡಿದುಕೊಂಡಿದ್ದವು.

ದಪ್ಪ ರಟ್ಟಿನ ಮೇಲೆ ಅಂಟಿಸಿದ ಚಿತ್ರ ಅದು, ತೂಕ ಹೆಚ್ಚು. ನನಗದು ಗೊತ್ತಿತ್ತು. ಆದರೂ ಕಿಟಕಿ ಮುಚ್ಚುವಾಗ ಅವರಿಗೆ ಬೆನ್ನು ತೋರಿಸದಂತೆ ಪಕ್ಕಕ್ಕೆ ನಡೆದೆ.

ಹತ್ತನೆಯ ದಿನ ವಿಜಯದಶಮಿ. ಸಂಜೆ ಐದು ಗಂಟೆಗೆ ಒಡತಿ ಬಂದು ಕುರ್ಚಿಯ ತುದಿಯಲ್ಲಿ ಕೂತರು. ನಮ್ಮ ಕಡೆ ಆ ಸಂಜೆ ಆರತಿಯಾದ ಮೇಲೆ ಗೊಂಬೆಗಳನ್ನು ಮಲಗಿಸುತ್ತಾರೆ. ಮರುದಿನ ಸುತ್ತಿ ಪೆಟ್ಟಿಗೆಗೆ ಹಾಕುತ್ತಾರೆ. ಹೆಂಡತಿ ಆರತಿ ಎತ್ತಿ, ಮೊದಲು ರಾಜನನ್ನು, ಆಮೇಲೆ ರಾಣಿಯನ್ನು ಮಲಗಿಸಿದಳು.

"ಏನು ಮಾಡುತ್ತಿದ್ದಾಳೆ?" ಎಂದು ಒಡತಿ ನನ್ನನ್ನು ಕೇಳಿದರು.

"ಮಲಗಿಸುತ್ತಿದ್ದಾಳೆ. ಹತ್ತು ದಿನ ನಿಂತಿದ್ದಾರಲ್ಲ. ಹಬ್ಬ ಮುಗಿಯಿತು, ಇನ್ನು ಅವರಿಗೆ ವಿಶ್ರಾಂತಿ."

"ರಾಜನಿಗೂ?"

"ರಾಜನಿಗೂ. ಎಲ್ಲರಿಗೂ."

ಹೆಂಡತಿ ಆಟಗಾರರನ್ನು ಒಬ್ಬೊಬ್ಬರಾಗಿ ಬಿರಡೆಯಿಂದ ಬಿಡಿಸಿ ಬಟ್ಟೆಯ ಮೇಲೆ ಮಲಗಿಸಿದಳು. ಹನ್ನೊಂದಾಯಿತು. ಮೆಟ್ಟಿಲ ಮೇಲೆ ನಿಂತಿದ್ದವರು ಈಗ ಒಬ್ಬರೇ. ಅವಳು ಕೈ ಚಾಚಲೂ ಇಲ್ಲ, ಹಿಂದಕ್ಕೆ ತೆಗೆಯಲೂ ಇಲ್ಲ.

ಹೊರಗೆ ಬೆಳಕು ಇಳಿಯುತ್ತಿತ್ತು. ಒಡತಿ ಎದ್ದು ಮೆಟ್ಟಿಲ ಹತ್ತಿರ ಹೋದರು. ಗಂಡನ ಮುಖಕ್ಕೆ ಮುಖ ತಂದು ನೋಡಿದರು.

"ಎಲ್ಲರೂ ಮಲಗಿದರೂ ನೀನೊಬ್ಬ ನಿಂತೇ ಇದ್ದೀಯ" ಎಂದರು. ನಮಗಲ್ಲ, ಅವರಿಗೆ. "ನಿನಗೆ ಯಾರೂ ಮಲಗು ಅಂತ ಹೇಳಲಿಲ್ಲ, ಅಲ್ಲವಾ? ಹೇಳಬೇಕಾದವಳು ನಾನೇ. ಇಷ್ಟು ವರ್ಷ ನಿನ್ನನ್ನು ನಿಲ್ಲಿಸಿಬಿಟ್ಟೆನಲ್ಲೋ."

ಆಕೆ ಬಿರಡೆಯಿಂದ ಚಿತ್ರವನ್ನು ಬಿಡಿಸಿದರು. ಅದು ಒಮ್ಮೆಗೆ ಬರಲಿಲ್ಲ, ಸ್ವಲ್ಪ ಎಳೆಯಬೇಕಾಯಿತು. ಆಟಗಾರರ ಸಾಲಿನ ಕೊನೆಯಲ್ಲಿ ಅಂಗಾತ ಮಲಗಿಸಿ, ಕರವಸ್ತ್ರವನ್ನು ಬಿಡಿಸಿ, ಕುತ್ತಿಗೆಯವರೆಗೆ ಹೊದಿಸಿದರು. ಕೋಣೆಯಲ್ಲಿ ಯಾರೋ ಉಸಿರು ಬಿಟ್ಟ ಸದ್ದಾಯಿತು. ಮೂವರಲ್ಲಿ ನಾನಲ್ಲ. ಹೆಂಡತಿ ತಾನಲ್ಲ ಎನ್ನುತ್ತಾಳೆ. ಗೋಡೆಯ ಗಡಿಯಾರ ಐದೂವರೆ ತೋರಿಸುತ್ತಿತ್ತು.

ಮರುದಿನ ಬೆಳಿಗ್ಗೆ ಆಕೆ ಕಪ್ಪು ಟೋಪಿ ಧರಿಸಿ ನಮ್ಮ ಬಾಗಿಲಿಗೆ ಬಂದರು. "ಹೊಸ ಅರ್ಜಿ ಬೇಕು. ನನ್ನ ಜೊತೆ ಬರುತ್ತೀರಾ?" ಹೆಂಡತಿ ನನ್ನ ಕೋಟನ್ನು ನಾನು ಹೂಂ ಎನ್ನುವ ಮೊದಲೇ ತಂದುಕೊಟ್ಟಳು.

ನ್ಯಾಯಾಲಯದ ಕಚೇರಿಯಲ್ಲಿ ಒಬ್ಬ ಗುಮಾಸ್ತರು. ಐವತ್ತರ ಆಸುಪಾಸು. ಎಡತೋಳು ಮೊಣಕೈಯಿಂದ ಕೆಳಗೆ ಇರಲಿಲ್ಲ, ಅಂಗಿಯ ತೋಳನ್ನು ಮಡಿಸಿ ಪಿನ್ನು ಹಾಕಿದ್ದರು. ಹೆಸರು, ಹುಟ್ಟಿದ ಊರು, ಸೇರಿದ್ದ ದಳ, ಎಲ್ಲವನ್ನೂ ತಲೆಯೆತ್ತದೆ ಬರೆದುಕೊಂಡರು.

"ನಾಪತ್ತೆಯಾದವರಿಂದ ಕೊನೆಯ ಸುದ್ದಿ ಯಾವಾಗ?"

"ನಿನ್ನೆ ಸಂಜೆ, ಐದೂವರೆಗೆ."

ಪೆನ್ನು ನಿಂತಿತು. "ಅಮ್ಮಾ, ನಿನ್ನೆ ಸಂಜೆ ಸುದ್ದಿ ಬಂದಿದ್ದರೆ ನಿಮಗೆ ಈ ಅರ್ಜಿ ಬೇಕಾಗಿಲ್ಲ."

"ನಿನ್ನೆಯವರೆಗೆ ಬೇಕಾಗಿರಲಿಲ್ಲ."

ಗುಮಾಸ್ತರು ನನ್ನ ಕಡೆ ತಿರುಗಿದರು. "ಇವರು?"

"ಡಾಕ್ಟರ್. ನಿನ್ನೆ ಅಲ್ಲೇ ಇದ್ದರು."

"ನೀವು ನೋಡಿದಿರಾ?"

ವೈದ್ಯನಾಗಿ ಎಷ್ಟೋ ಮರಣಪತ್ರಗಳಿಗೆ ಯೋಚಿಸದೆ ಸಹಿ ಹಾಕಿದವನು ನಾನು. ಇಲ್ಲಿ ಹೇಳಬಹುದಾದ ಸುಳ್ಳುಗಳನ್ನೆಲ್ಲ ಬೇಗ ಬೇಗ ಪರಿಶೀಲಿಸಿದೆ. ಒಂದೂ ನಿಜದಷ್ಟು ಅನುಕೂಲವಾಗಿರಲಿಲ್ಲ.

"ನೋಡಿದೆ" ಎಂದೆ. "ಮಲಗಿದರು. ಏಳಲಿಲ್ಲ."

ಅವರು ನನ್ನನ್ನು ದಿಟ್ಟಿಸಿದರು. ಆಮೇಲೆ ಒಡತಿಯನ್ನು. ನಗಲಿಲ್ಲ. ಕೇಳಿದ್ದನ್ನು ಎಲ್ಲೋ ಮೊದಲೇ ಕೇಳಿದ್ದವರಂತೆ ಒಮ್ಮೆ ತಲೆಯಾಡಿಸಿ, "ಯುದ್ಧಭೂಮಿಯಿಂದ ಬಂದ ಕೊನೆಯ ಕಾಗದ ಇಟ್ಟುಕೊಂಡಿದ್ದೀರಾ?" ಎಂದು ಮೆಲ್ಲಗೆ ಕೇಳಿದರು.

ಆಕೆ ಕೈಚೀಲದಿಂದ ತೆಗೆದು ಕೊಟ್ಟರು. ಅವರು ಅದನ್ನು ಓದಲಿಲ್ಲ. ಮೇಲಿನ ತಾರೀಖನ್ನು ಮಾತ್ರ ನೋಡಿ ಬರೆದುಕೊಂಡು, ಒಂದೇ ಕೈಯಿಂದ, ಮೂರು ಬೆರಳಿನಲ್ಲಿ, ಹಳೆಯ ಮಡಿಕೆಗಳ ಮೇಲೇ ಮತ್ತೆ ಮಡಿಸಿ ಹಿಂತಿರುಗಿಸಿದರು.

"ಕಾನೂನಿಗೆ ಇದು ಬೇಕು. ಅದಕ್ಕೆ ಬರೆದೆ. ಅವರು ಸತ್ತ ದಿನ ಅಂತ ನ್ಯಾಯಾಲಯವೂ ಒಂದು ತಾರೀಖು ಕೊಡುತ್ತದೆ. ಅದು ನಿಮ್ಮ ತಾರೀಖಾಗಿರುವುದಿಲ್ಲ."

"ಪರವಾಗಿಲ್ಲ. ನನ್ನದು ನನಗೆ ಗೊತ್ತಿದೆ."

ಆಕೆ ಪೆನ್ನು ತೆಗೆದುಕೊಂಡು ಸಹಿ ಮಾಡಿದರು, ಶಾಲೆಯ ಹುಡುಗಿಯಂತೆ ಒಂದೊಂದು ಅಕ್ಷರವನ್ನೂ ಪೂರ್ತಿಯಾಗಿ. ಗುಮಾಸ್ತರು ಶಾಯಿ ಹೀರುವ ಒತ್ತುಕಾಗದಕ್ಕೆ ಕೈ ಚಾಚಿದವರು ಯಾಕೋ ಅದನ್ನು ಅಲ್ಲೇ ಬಿಟ್ಟರು. ಶಾಯಿ ತಾನಾಗಿ ಒಣಗುವವರೆಗೆ ಮೂವರೂ ಸುಮ್ಮನೆ ಕಾದೆವು.